ಹಳೆಯ ಗಾಡಿಗೆ ಹೊಸ ಇಂಜಿನೇ?



ಈ ಹೊತ್ತು ನಾನು ಮಾತನಾಡಲು ಆರಿಸಿಕೊಂಡಿರುವ ವಿಷಯ ದೊಡ್ಡದೇನಲ್ಲ. ಆದರೆ ನಮ್ಮ ಮನೆಯಲ್ಲಿ ಮೂರು ತಿಂಗಳ ಕಾಲ ಊಟಕ್ಕೆ ಕುಳಿತಾಗಲೆಲ್ಲ ನಡೆದ ಚರ್ಚೆ ಇದು. ನಮ್ಮ ಮಡತ್ತುಕುಳಂ ಕಡೆಯ ಊರುಗಳಲ್ಲಿ, ಕಣಿಯೂರಿನಲ್ಲಿ, ಕೊಳುಮದಲ್ಲಿ, ಕುಮರಲಿಂಗದಲ್ಲಿ, ಮನೆಯ ಮುಂದೆ ಹಳೆಯ ಪಿಕಪ್ ಗಾಡಿ ನಿಲ್ಲಿಸಿಕೊಂಡಿರುವವರು ಬಹಳ ಮಂದಿ. ನಾವು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವವರು. ಅದಕ್ಕೆ ಒಮ್ಮೆ ಗಾಡಿ ಅನ್ನುತ್ತೇವೆ, ಒಮ್ಮೆ ವಂಡಿ ಅನ್ನುತ್ತೇವೆ. ಹೆಸರು ಯಾವುದಾದರೂ ಅದು ಕೆಟ್ಟು ನಿಂತ ದಿನ ಮನೆಯ ಒಲೆ ಸಣ್ಣಗಾಗುತ್ತದೆ.

ನಮ್ಮ ಅಣ್ಣ 2004ರಲ್ಲಿ ಒಂದು ಡೀಸೆಲ್ ಪಿಕಪ್ ತೆಗೆದುಕೊಂಡರು. ತೆಂಗಿನಕಾಯಿ, ಟೊಮೇಟೊ, ಸಣ್ಣ ಈರುಳ್ಳಿ ಹೇರಿಕೊಂಡು ಉಡುಮಲೆ ಸಂತೆಗೆ, ಪಳನಿ ದಾಟಿ ಒಟ್ಟಂಛತ್ರದ ತರಕಾರಿ ಮಂಡಿಗೆ ಹೋಗಿ ಬರುತ್ತಿದ್ದರು. ಅಣ್ಣ 2019ರಲ್ಲಿ ತೀರಿಕೊಂಡರು. ಅಲ್ಲಿಂದ ಈಚೆಗೆ ಅವರ ಮಗನೇ ಓಡಿಸುತ್ತಾನೆ. ಇವನು ವಾರಕ್ಕೆ ಎರಡು ಸಲ ಚಿನ್ನಾರ್ ಚೆಕ್‌ಪೋಸ್ಟ್ ದಾಟಿ ಮರಯೂರು, ಕಾಂತಲ್ಲೂರಿಗೂ ಹೋಗಿ ಬೆಳ್ಳುಳ್ಳಿ, ಕೋಸು, ಕ್ಯಾರೆಟ್ ಇಳಿಸಿಕೊಂಡು ಬರುತ್ತಾನೆ. ಕಿಲೋಮೀಟರ್ ಎಷ್ಟು ಓಡಿದೆ ಎಂದು ಕೇಳಬೇಡಿ. ಮೀಟರು 2016ರಲ್ಲೇ ನಿಂತಿದೆ.

ಹೋದ ವರ್ಷ ಆ ಗಾಡಿ ಏರುವುದನ್ನು ಬಿಟ್ಟಿತು. ಮರಯೂರು ಇರುವುದು ಸಾವಿರ ಮೀಟರಿನ ಆಸುಪಾಸಿನ ಎತ್ತರದಲ್ಲಿ. ದಾರಿಯಲ್ಲಿ ಎರಡನೇ ಗೇರಿನಲ್ಲೂ ಇಂಜಿನ್ ಕೂಗುತ್ತದೆ, ಗಾಡಿ ತೆವಳುತ್ತದೆ. ಇಳಿಜಾರಿನಲ್ಲಿ ಮೂರನೇ ಗೇರು ತಾನಾಗಿ ಕಳಚಿಕೊಳ್ಳುತ್ತದೆ. ಹಿಂದಿನಿಂದ ದುಂಬಿಯಂತೆ ಒಂದು ಗುಂಯ್ ಸದ್ದು. ಹೊಗೆಯೂ ಕಪ್ಪು. ಹುಡುಗ ಒಂದು ರಾತ್ರಿ ಬಂದು ಹೇಳಿದ: "ಚಿಕ್ಕಪ್ಪ, ಇಂಜಿನ್ ಮುಗೀತು. ಕೊಯಮತ್ತೂರಲ್ಲಿ ಒಬ್ಬರು ಹೊಸ ಮಾದರಿ ಇಂಜಿನ್, ಗೇರ್‌ಬಾಕ್ಸ್ ಎರಡೂ ಕೂರಿಸಿ ಕೊಡ್ತಾರಂತೆ. ಒಂದು ಲಕ್ಷದ ಅರುವತ್ತು ಸಾವಿರ. ಅಮ್ಮನ ಒಡವೆ ಇಟ್ಟರೆ ಆಗ್ತದೆ."

ಅತ್ತಿಗೆಯ ಒಡವೆ ಎಂದರೆ ಆರು ಸವರನ್. ಬೇರೆ ಏನೂ ಇಲ್ಲ. ನಾನು ನಲವತ್ತು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಒಡವೆ ತೂಗಿ ಚೀಲಕ್ಕೆ ಹಾಕಿ ಸೀಲು ಮಾಡುವಾಗ ಹೆಂಗಸರು ಆ ಚೀಲವನ್ನು ನೋಡುವ ನೋಟ ನನಗೆ ಗೊತ್ತು. "ಎರಡು ವಾರ ಕೊಡಪ್ಪ" ಎಂದೆ.

ಎರಡು ವಾರ ಕೇಳಿದ್ದಕ್ಕೆ ನನ್ನದೇ ಒಂದು ತಪ್ಪು ಕಾರಣ. ಅದನ್ನು ಮೊದಲು ಒಪ್ಪಿಕೊಂಡು ಮುಂದೆ ಹೋಗುತ್ತೇನೆ. 2011ರಲ್ಲಿ ಇದೇ ಗಾಡಿ ಕಾಯತೊಡಗಿತು. ಅಣ್ಣ ನನ್ನನ್ನು ಕೇಳಿದರು. ನಾನು ಸಂಬಳದವನ ಗತ್ತಿನಲ್ಲಿ, "ಸುಮ್ಮನೆ ಅಲ್ಲೊಂದು ಇಲ್ಲೊಂದು ಮಾಡಿಸಬೇಡ, ಒಮ್ಮೆಗೇ ಪೂರಾ ಇಂಜಿನ್ ಕೆಲಸ ಮಾಡಿಸಿಬಿಡು" ಎಂದೆ. ಪಿಸ್ಟನ್, ಲೈನರ್, ಬೇರಿಂಗ್ ಎಲ್ಲ ಹೊಸದಾಯಿತು. 38,000 ರೂಪಾಯಿ ಆಯಿತು. ಎರಡನೇ ತಿಂಗಳು ಗಾಡಿ ಮತ್ತೆ ಕಾಯಿತು. ಕಡೆಗೆ ನೋಡಿದರೆ ರೇಡಿಯೇಟರ್ ಒಳಗೆ ನಮ್ಮ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿಕೊಂಡಿತ್ತು. ಅದನ್ನು ತೊಳೆಸಿದ್ದಕ್ಕೆ ಆದ ಖರ್ಚು 900 ರೂಪಾಯಿ. ಅಣ್ಣ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಇನ್ನು ಇಂಜಿನ್ ಬದಲಿಸುವ ಮಾತು. ಇದು ನಮ್ಮ ಸೀಮೆಗೆ ಹೊಸದಲ್ಲ. 1940ರ ದಶಕದ ಕೊನೆಯಿಂದ ಮಹೀಂದ್ರಾದವರು ವಿಲ್ಲಿಸ್ ಜೀಪುಗಳನ್ನು ಈ ದೇಶದಲ್ಲಿ ಜೋಡಿಸತೊಡಗಿದರು. ಅವು ಪೆಟ್ರೋಲ್ ಗಾಡಿಗಳು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ತಡೆದವು; ಬ್ಯಾರೆಲ್ಲಿಗೆ ಮೂರು ಡಾಲರಿನ ಸುಮಾರಿನಲ್ಲಿದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರಕ್ಕೆ ಏರಿತು. ಪೆಟ್ರೋಲ್ ಜೀಪು ಸಾಕುವುದು ಆನೆ ಸಾಕಿದ ಹಾಗಾಯಿತು. ಆಗ ಜನ ಜೀಪಿನ ಪೆಟ್ರೋಲ್ ಇಂಜಿನ್ ಕಿತ್ತು ಟ್ರ್ಯಾಕ್ಟರಿನ ಡೀಸೆಲ್ ಇಂಜಿನ್ ಕೂರಿಸತೊಡಗಿದರು. ಕಂಪನಿಯೂ ಆ ದಶಕದಲ್ಲಿ ಡೀಸೆಲ್ ಜೀಪು ಕೊಟ್ಟಿತು. ಮುಂದೆ ಎಂಬತ್ತರ ದಶಕದಲ್ಲಿ ಫ್ರಾನ್ಸಿನ ಪೇಜೊ ಕಂಪನಿಯ ವಿನ್ಯಾಸದ ಡೀಸೆಲ್ ಇಂಜಿನ್ ಬಂತು. ಅಂಬಾಸಡರ್ ಕಾರುಗಳಿಗೆ ಮೆಟಡೋರ್ ವ್ಯಾನಿನ ಇಂಜಿನ್ ಹಾಕಿಸಿಕೊಂಡವರನ್ನು ಪಾಲಕ್ಕಾಡಿನ ಕಡೆ ನಾನೇ ಕಂಡಿದ್ದೇನೆ. 1988ರಲ್ಲಿ ಟಾಟಾ ಮೊಬೈಲ್ ಬಂದ ಮೇಲೆ ಪಿಕಪ್ ಎಂಬ ಪದವೇ ಹಳ್ಳಿಗೆ ಹೊಕ್ಕಿತು.

ಆ ಕಾಲದ ಬದಲಾವಣೆ ನಡೆದದ್ದಕ್ಕೆ ಒಂದು ಕಾರಣವಿದೆ. ಆಗಿನ ಡೀಸೆಲ್ ಇಂಜಿನ್ ಎಂದರೆ ಕಬ್ಬಿಣ, ಎಣ್ಣೆ, ಒಂದು ಪಂಪು. ವೈರು ಕಿತ್ತರೂ ಓಡುತ್ತದೆ. ಈಗಿನದು ಹಾಗಲ್ಲ. ಕಾಮನ್ ರೈಲ್ ಇಂಜಿನ್‌ಗೆ ಎಷ್ಟು ಡೀಸೆಲ್ ಯಾವಾಗ ಚಿಮ್ಮಬೇಕು ಎಂದು ಹೇಳುವುದು ಒಂದು ಸಣ್ಣ ಕಂಪ್ಯೂಟರ್ ಪೆಟ್ಟಿಗೆ. ಆ ಪೆಟ್ಟಿಗೆಗೆ ಹತ್ತಾರು ಸೆನ್ಸರುಗಳು ಸುದ್ದಿ ಒಯ್ಯಬೇಕು. ಇಂಜಿನ್ ತಂದರೆ ಸಾಲದು. ಪೆಟ್ಟಿಗೆ, ವೈರಿನ ಕಟ್ಟು, ಬೀಗದ ಕೈ ತನಕ ಎಲ್ಲ ಅದರ ಜೊತೆಯಲ್ಲೇ ಬರಬೇಕು. ಒಂದು ವೈರು ಚಿನ್ನಾರ್ ಕಾಡಿನಲ್ಲಿ ಸಡಿಲವಾದರೆ ಗಾಡಿ ಅಲ್ಲೇ. ಅಲ್ಲಿ ಆನೆ ಇರುತ್ತದೆ, ಮೆಕ್ಯಾನಿಕ್ ಇರುವುದಿಲ್ಲ.

ಅದಕ್ಕಿಂತ ದೊಡ್ಡ ಸಂಗತಿ ಬಲದ ಲೆಕ್ಕ. ಇಂಜಿನ್ನಿನ ತಿರುಚು ಬಲ ನೇರ ಚಕ್ರಕ್ಕೆ ಹೋಗುವುದಿಲ್ಲ. ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಅದರ ಎರಡು ತುದಿಯ ಕ್ರಾಸ್, ಹಿಂದೆ ಕ್ರೌನ್-ಪಿನಿಯನ್, ಆಮೇಲೆ ಆಕ್ಸಲ್, ಹೀಗೆ ಸಾಗುತ್ತದೆ. ದಾರಿಯಲ್ಲಿ ಎರಡು ಕಡೆ ಅದು ಗುಣಾಕಾರವಾಗುತ್ತದೆ. ಲೆಕ್ಕಕ್ಕೆಂದು ಇಂಜಿನ್ನಿನ ಬಲ 12 ಎಂದಿಟ್ಟುಕೊಳ್ಳಿ. ಮೊದಲ ಗೇರಿನಲ್ಲಿ ನಾಲ್ಕು ಪಟ್ಟು, ಕ್ರೌನಿನಲ್ಲಿ ಐದು ಪಟ್ಟು ಆದರೆ ಆಕ್ಸಲಿಗೆ ಬರುವುದು 240. ಇಂಜಿನ್ ಬದಲಿಸಿ 12ನ್ನು 20 ಮಾಡಿದರೆ ಅಲ್ಲಿ 400 ಆಗುತ್ತದೆ. ಇಪ್ಪತ್ತು ವರ್ಷ 240ನ್ನು ಹೊತ್ತ ಮುದಿ ಆಕ್ಸಲ್‌ಗೆ ಒಂದೇ ದಿನ 400 ಹೊರು ಎಂದರೆ ಏನಾದೀತು? ಬ್ರೇಕು ಹಳೆಯದೇ, ಷಾಸಿ ಹಳೆಯದೇ. ಹುಡುಗ ಇದನ್ನು ಕೇಳಿ, "ಹಾಗಾದರೆ ಆಕ್ಸಲೂ ಬದಲಿಸೋಣ ಚಿಕ್ಕಪ್ಪ" ಎಂದ. ಇಂಜಿನ್ ಬದಲಾವಣೆಯ ಕಾಯಿಲೆ ಹೀಗೆಯೇ ಹರಡುವುದು.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು, ಆರ್.ಸಿ. ಪುಸ್ತಕದಲ್ಲಿರುವ ವಿವರ ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕೆ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ. ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ತಯಾರಿಕೆ, ಅದೇ ಮಾದರಿಯ ಇಂಜಿನ್ ಹಾಕಿಸುವುದು ಬೇರೆ ಮಾತು, ಅದಕ್ಕೂ ಆರ್.ಟಿ.ಓ. ಕಚೇರಿಯ ಅನುಮತಿ ಪಡೆದು ಹೊಸ ಇಂಜಿನ್ ನಂಬರನ್ನು ಪುಸ್ತಕಕ್ಕೆ ಏರಿಸಬೇಕು. ಗುಜರಿಯಿಂದ ತಂದ ಇಂಜಿನ್ ಯಾವ ಗಾಡಿಯದು, ಅದಕ್ಕೆ ರಸೀದಿ ಉಂಟೇ ಎಂದು ಮೊದಲು ಕೇಳಿ. ಕದ್ದ ಗಾಡಿಯದಾದರೆ ಪೊಲೀಸರು ಬರುವುದು ಅಂಗಡಿಗಲ್ಲ, ನಿಮ್ಮ ಮನೆಗೆ.

ಇದನ್ನು ನಾನು ಓದಿ ಕಲಿತದ್ದಲ್ಲ. ನಮ್ಮ ಶಾಖೆಯ ಸಾಲಗಾರರೊಬ್ಬರು ಹೀಗೆಯೇ ಯಾರಿಗೂ ಹೇಳದೆ ಜೀಪಿನ ಇಂಜಿನ್ ಬದಲಿಸಿದ್ದರು. ಗಾಡಿ ಹಳ್ಳಕ್ಕೆ ಉರುಳಿತು. ವಿಮೆಯ ಸರ್ವೇಯರು ಬಂದು ಇಂಜಿನ್ ನಂಬರ್ ನೋಡಿದರು, ಪುಸ್ತಕ ನೋಡಿದರು, ಏನೋ ಬರೆದುಕೊಂಡು ಹೋದರು. ಹಣ ಬರಲಿಲ್ಲ. ಸಾಲ ಮಾತ್ರ ನಮ್ಮ ಲೆಡ್ಜರಿನಲ್ಲಿ ಉಳಿಯಿತು. ಅವರಿಗೆ ನೋಟೀಸು ಬರೆಯುವ ಕೆಲಸ ನನ್ನದು. ಏಳು ನೋಟೀಸು ಬರೆದೆ. ದೇವಸ್ಥಾನದಲ್ಲಿ ಎದುರಾದರೆ ಇಬ್ಬರೂ ಬೇರೆ ಕಡೆ ನೋಡುತ್ತಿದ್ದೆವು.

ಸರಿ, ಹಾಗಾದರೆ ಹಳೆಯದನ್ನು ಕೊಟ್ಟು ಹೊಸ ಗಾಡಿ? ಈ ಲೆಕ್ಕ ನನಗೆ ಸಲೀಸು. ಹಳೆಯ ಗಾಡಿಗೆ ದಲ್ಲಾಳಿ ಒಂದು ಲಕ್ಷದ ಹತ್ತು ಸಾವಿರ ಹೇಳಿದ. ಹೊಸ ಪಿಕಪ್ ಹತ್ತು ಲಕ್ಷದ ಆಸುಪಾಸು. ಎಂಟು ಲಕ್ಷ ಸಾಲ, ನೂರಕ್ಕೆ ಹತ್ತರ ಬಡ್ಡಿ, ಐದು ವರ್ಷ ಎಂದರೆ ತಿಂಗಳ ಕಂತು 17,000. ಅರುವತ್ತು ಕಂತಿಗೆ ಒಟ್ಟು 10,20,000. ಹುಡುಗ ತನ್ನ ವರಮಾನ ತಿಂಗಳಿಗೆ 26,000 ಎಂದ. "ಯಾವ ತಿಂಗಳು?" ಎಂದು ಕೇಳಿದೆ. ಅದು ತೈ ಮಾಸದ ಮಾತು, ಪಳನಿ ಜಾತ್ರೆಯ ಕಾಲ, ಬಾಡಿಗೆ ಎಡೆಬಿಡದೆ ಸಿಗುವ ಕಾಲ. ಐಪ್ಪಸಿ, ಕಾರ್ತಿಕೆಯ ಮಳೆಯಲ್ಲಿ? ತಲೆ ಕೆರೆದುಕೊಂಡ. ಪುಸ್ತಕ ತೆಗೆಸಿ ನೋಡಿದೆವು. ಕಡೆಯ ತಿಂಗಳು 11,400. ಸಾಲ ಕೊಡುವವನು ಒಳ್ಳೆಯ ತಿಂಗಳು ನೋಡುತ್ತಾನೆ, ತೀರಿಸುವವನು ಕೆಟ್ಟ ತಿಂಗಳಲ್ಲಿ ಬದುಕಬೇಕು. ಅಮರಾವತಿ ಅಣೆಕಟ್ಟೆಯಲ್ಲಿ ನೀರಿದ್ದರೆ ನಮ್ಮೆಲ್ಲರ ಪುಸ್ತಕ ಒಂದು ರೀತಿ, ಇಲ್ಲದಿದ್ದರೆ ಇನ್ನೊಂದು ರೀತಿ.

ಇನ್ನೊಂದು ಗಾಳಿಮಾತು ನಮ್ಮೂರಲ್ಲಿ ಬಲವಾಗಿತ್ತು. ಹದಿನೈದು ವರ್ಷ ದಾಟಿದ ಗಾಡಿಯನ್ನು ಸರ್ಕಾರ ಒಡೆಸುತ್ತದೆ, ಅದಕ್ಕೆ ಈಗಲೇ ಮಾರಿಬಿಡಿ ಎಂದು. ಇದನ್ನು ಹೆಚ್ಚಾಗಿ ಹೇಳುತ್ತಿದ್ದವರು ದಲ್ಲಾಳಿಗಳು. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷದ ಕಟ್ಟು ಬಂದದ್ದು ಸರ್ಕಾರದ ಸ್ವಂತ ಗಾಡಿಗಳಿಗೆ. 2021ರ ಗುಜರಿ ನೀತಿಯಲ್ಲಿ ಖಾಸಗಿಯವರು ಗಾಡಿ ಒಪ್ಪಿಸುವುದು ಅವರ ಇಚ್ಛೆಗೆ ಬಿಟ್ಟದ್ದು. ಆದರೆ ಹಳೆಯ ಗಾಡಿಯ ಎಫ್.ಸಿ. ಶುಲ್ಕ 2022ರ ಏಪ್ರಿಲ್‌ನಿಂದ ಏರಿದ್ದು ನಿಜ, ಎಂಟು ವರ್ಷ ದಾಟಿದ ಬಾಡಿಗೆ ಗಾಡಿ ವರ್ಷವರ್ಷವೂ ಎಫ್.ಸಿ.ಗೆ ಹೋಗಬೇಕೆಂಬುದೂ ನಿಜ. ಇದನ್ನೆಲ್ಲ ಖರ್ಚಿನ ಪಟ್ಟಿಗೆ ಸೇರಿಸಲೇಬೇಕು. ಹಾಗೆಯೇ 2020ರ ಏಪ್ರಿಲ್ ನಂತರ ಬಂದ ಬಿ.ಎಸ್. 6 ಡೀಸೆಲ್ ಗಾಡಿ ಶುದ್ಧ, ಶಕ್ತ, ಎಲ್ಲ ಸರಿ. ಅದರ ಹೊಗೆ ಶೋಧಕ ಕಟ್ಟಿಕೊಂಡರೆ ಊರಿನ ಪಟ್ಟರೆಯಲ್ಲಿ ಸ್ಪ್ಯಾನರ್ ಹಿಡಿದು ಸರಿಮಾಡಲು ಆಗದು.

ಕಡೆಗೆ ನಾವು ಮಾಡಿದ್ದೇನೆಂದರೆ, ಏನನ್ನೂ ತೀರ್ಮಾನ ಮಾಡುವ ಮೊದಲು ಗಾಡಿಯನ್ನು ತೋರಿಸಿದೆವು. ಸರ್ಕಾರಿ ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದ ಒಬ್ಬ ಮೆಕ್ಯಾನಿಕ್ ಉಡುಮಲೆಯಲ್ಲಿದ್ದಾರೆ. ಅವರು ಮಾಡಿದ ಪರೀಕ್ಷೆಗಳು ನಿಮಗೂ ಉಪಯೋಗವಾದೀತೆಂದು ವಿವರವಾಗಿ ಹೇಳುತ್ತೇನೆ.

ಮೊದಲು ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದರು. ಅಲ್ಲಿಂದ ರೈಲಿನಂತೆ ಹೊಗೆ ನುಗ್ಗಿದರೆ ಪಿಸ್ಟನ್ ರಿಂಗು ಸವೆದಿದೆ ಎಂದು ಅರ್ಥ. ನಮ್ಮದರಲ್ಲಿ ಸ್ವಲ್ಪ ಆವಿಯಷ್ಟೇ. ಆಮೇಲೆ ಹೀಟರ್ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಗೇಜು ಹಾಕಿ ಒತ್ತಡ ನೋಡಿದರು: 25, 24, 25, 23. "ನಾಲ್ಕೂ ಅಣ್ಣತಮ್ಮಂದಿರ ಹಾಗೆ ಇವೆ, ಇಂಜಿನ್ ತಂಟೆಗೆ ಹೋಗಬೇಡಿ" ಎಂದರು. ಒಂದು 25, ಇನ್ನೊಂದು 15 ಇದ್ದಿದ್ದರೆ ಆಗ ಚಿಂತೆ. 2011ರ ನನ್ನ 38,000 ಪೂರ್ತಿ ನೀರಿಗೆ ಹೋಗಿರಲಿಲ್ಲ ಎಂದು ಅಂದು ಸ್ವಲ್ಪ ಸಮಾಧಾನವಾಯಿತು.

ಅನಂತರ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಟಾಪ್ ಗೇರು ಹಾಕಿ, ಮೆಲ್ಲಗೆ ಕ್ಲಚ್ ಬಿಟ್ಟರು. ಕ್ಲಚ್ ಚೆನ್ನಾಗಿದ್ದರೆ ಇಂಜಿನ್ ಆ ಕ್ಷಣವೇ ನಿಲ್ಲಬೇಕು. ನಮ್ಮ ಇಂಜಿನ್ ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇತ್ತು. ರೋಗ ಸಿಕ್ಕಿತು. ಬಲವೆಲ್ಲ ಕ್ಲಚ್ಚಿನಲ್ಲೇ ಜಾರಿಹೋಗುತ್ತಿತ್ತು, ಇಂಜಿನ್ ಪಾಪ ಕೂಗಿ ಕೂಗಿ ಹೇಳುತ್ತಿತ್ತು. ಬಿಚ್ಚಿದಾಗ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋದೆವು: ಕ್ರಾಂಕಿನ ಹಿಂಬದಿಯ ಆಯಿಲ್ ಸೀಲು ಸೋರಿ, ಎಣ್ಣೆ ಕ್ಲಚ್ ಪ್ಲೇಟಿಗೆ ಹತ್ತಿತ್ತು. ಸೀಲು ಬದಲಿಸದೆ ಬರೀ ಪ್ಲೇಟು ಹಾಕಿದ್ದರೆ ಆರು ತಿಂಗಳಲ್ಲಿ ಮತ್ತೆ ಅದೇ ಕಥೆ. ಮುಂದಕ್ಕೂ ರಿವರ್ಸಿಗೂ ಗೇರು ಬದಲಿಸುವಾಗ ಬರುತ್ತಿದ್ದ ಟಕ್ ಸದ್ದು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿನದು. ಗ್ರೀಸು ಕಾಣದೆ ಒಣಗಿತ್ತು. ಮೂರನೇ ಗೇರು ಕಳಚುವುದು ಬೇರಿಂಗು ಮತ್ತು ಹಬ್ಬು ಸವೆದದ್ದರಿಂದ. ಇದನ್ನು ಮಾತ್ರ ಒಂದು ದಿನವೂ ಮುಂದೂಡಬಾರದು ಎಂದರು. ಲೋಡಿನಲ್ಲಿ ಘಾಟಿ ಇಳಿಯುವಾಗ ಗೇರು ಕಳಚಿದರೆ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕು ಕಾದರೆ ಹಿಡಿಯುವುದಿಲ್ಲ. ಹುಡುಗ ಮೂರು ತಿಂಗಳಿಂದ ಎಡಗೈಯಲ್ಲಿ ಗೇರಿನ ಕಡ್ಡಿ ಹಿಡಿದುಕೊಂಡೇ ಇಳಿಯುತ್ತಿದ್ದನಂತೆ. ಅದು ಅತ್ತಿಗೆಗೆ ಅಂದೇ ಗೊತ್ತಾದದ್ದು. ಅವರು ಕನ್ನಡದಲ್ಲಿ ಬೈದದ್ದನ್ನು ಇಲ್ಲಿ ಹೇಳುವಂತಿಲ್ಲ.

ಕಪ್ಪು ಹೊಗೆಗೆ ಕಾರಣ ಎರಡು ನಾಜಲ್ಲು. ಡೀಸೆಲನ್ನು ಮಂಜಿನಂತೆ ಚಿಮ್ಮುವ ಬದಲು ತೊಟ್ಟಿಕ್ಕುತ್ತಿದ್ದವು.

ಖರ್ಚು ಹೀಗಾಯಿತು. ಕ್ಲಚ್ ಸೆಟ್ಟು, ಫ್ಲೈವೀಲ್ ಹೆರೆಸಿದ್ದು, ಸೀಲು ಸೇರಿ 13,500. ಗೇರ್‌ಬಾಕ್ಸಿಗೆ 12,800. ಕ್ರಾಸು ಮತ್ತು ನಡುವಿನ ಬೇರಿಂಗು 4,200. ನಾಜಲ್ಲು, ಪಂಪಿನ ಕೆಲಸ 9,300. ಕೂಲಿ 6,500. ಒಟ್ಟು 46,300. ಹೊಸ ಗಾಡಿಯ ಮೂರು ಕಂತಿಗಿಂತ ಕಡಿಮೆ. ಅರ್ಧ ಹುಡುಗನ ಕೈಯಲ್ಲಿತ್ತು, ಅರ್ಧ ನಾನು ಕೊಟ್ಟೆ. 2011ರ ಬಾಕಿ ಎಂದುಕೊಂಡೆ, ಅವನಿಗೆ ಹಾಗೆಂದು ಹೇಳಲಿಲ್ಲ.

ಆದರೂ ಹುಡುಗನಿಗೆ ಏನಾದರೊಂದು ಹೊಸದು ಮಾಡಿಸಬೇಕೆಂಬ ಆಸೆ. ಕ್ರೌನ್-ಪಿನಿಯನ್ ಬದಲಿಸಿದರೆ ಡೀಸೆಲ್ ಉಳಿಯುತ್ತದೆ ಎಂದು ಯಾರೋ ಹೇಳಿದ್ದರು. ಇದು ಸುಳ್ಳಲ್ಲ. ನಮ್ಮ ಗಾಡಿಯಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್‌ಗೆ 8. ಚಕ್ರ ಒಂದು ಸುತ್ತು ತಿರುಗಲು ಶಾಫ್ಟು ಐದು ಸುತ್ತಿಗೂ ಹೆಚ್ಚು ತಿರುಗಬೇಕು. ಟಯರಿನ ಸುತ್ತಳತೆ ಎರಡೂಕಾಲು ಮೀಟರು. ಗಂಟೆಗೆ 60 ಕಿಲೋಮೀಟರಿನಲ್ಲಿ ಚಕ್ರ ನಿಮಿಷಕ್ಕೆ 444 ಸುತ್ತು. ಟಾಪ್ ಗೇರಿನಲ್ಲಿ ಇಂಜಿನ್ ಸುಮಾರು 2,390 ಸುತ್ತು. ಅದೇ 39ಕ್ಕೆ 8ರ ಜೋಡಿ ಹಾಕಿದರೆ ಸುಮಾರು 2,170. ಒಟ್ಟಂಛತ್ರದ ಸಪಾಟು ರಸ್ತೆಯಲ್ಲಿ ಇಂಜಿನ್ ನಿಮಿಷಕ್ಕೆ ಇನ್ನೂರಕ್ಕೂ ಹೆಚ್ಚು ಸುತ್ತು ಉಳಿಸುತ್ತದೆ. ಆದರೆ ಮರಯೂರಿನ ಏರಿನಲ್ಲಿ ಅಷ್ಟೇ ಪ್ರಮಾಣದ ಎಳೆತ ಕಡಿಮೆಯಾಗುತ್ತದೆ, ಪುನಃ ಕ್ಲಚ್ಚಿನ ಮೇಲೆ ಬೀಳುತ್ತದೆ. ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು, ಕೂರಿಸುವವನ ಕೈ ಚೆನ್ನಾಗಿರಬೇಕು, ಮೀಟರೂ ತಪ್ಪು ತೋರಿಸುತ್ತದೆ. "ನಮ್ಮ ಮೀಟರು ಹೇಗೂ ಸತ್ತಿದೆಯಲ್ಲ ಚಿಕ್ಕಪ್ಪ" ಎಂದ. ಬರೀ ಸಪಾಟಿನಲ್ಲಿ ಓಡುವವರಾದರೆ, ತಿರುಪ್ಪೂರಿಗೆ ಬನಿಯನ್ ಬಟ್ಟೆ ಹೊರುವವರಾದರೆ, ನಾನು ಬದಲಿಸಿ ಎಂದೇ ಹೇಳುತ್ತೇನೆ. ವಾರಕ್ಕೆರಡು ಸಲ ಘಾಟಿ ಹತ್ತುವವನಿಗೆ ಬೇಡ ಎಂದೆ. ಒಪ್ಪಿದನೋ ಬೇಸತ್ತನೋ, ಸುಮ್ಮನಾದ.

ಇದೆಲ್ಲ ಕೇಳಿ ದುರಸ್ತಿಯೇ ಯಾವಾಗಲೂ ಸರಿ ಎಂದು ತಿಳಿಯಬೇಡಿ. ನಮ್ಮ ಗಾಡಿಯ ಷಾಸಿಗೆ ತುಕ್ಕು ಹಿಡಿದು ಬಿರುಕು ಬಿಟ್ಟಿದ್ದರೆ, ಅಥವಾ ನಾಲ್ಕು ಸಿಲಿಂಡರೂ ಸೋತಿದ್ದರೆ, ನಾನೇ ಮಾರು ಎನ್ನುತ್ತಿದ್ದೆ. ಅಣ್ಣ ಕೂತ ಸೀಟು ಎಂದು ಅತ್ತಿಗೆ ಅತ್ತಿದ್ದರೂ ಹಾಗೆಯೇ ಹೇಳುತ್ತಿದ್ದೆ.

ಈಗ ಹುಡುಗ ಒಂದು ನೋಟುಪುಸ್ತಕ ಇಟ್ಟಿದ್ದಾನೆ. ಮೊದಲು ಲೀಟರಿಗೆ 9.2 ಕಿಲೋಮೀಟರು ಬರುತ್ತಿದ್ದದ್ದು ಈಗ 10.6 ಬರುತ್ತಿದೆ. ಮೀಟರಿಲ್ಲದೆ ಹೇಗೆ ಎಂದರೆ, ರಸ್ತೆ ಬದಿಯ ಕಲ್ಲು ನೋಡಿ ಲೆಕ್ಕ. ಹಿಂದಿನ ಗುಂಯ್ ಸದ್ದು ಮಾತ್ರ ಪೂರ್ತಿ ಹೋಗಿಲ್ಲ. ಅದು ಪಿನಿಯನ್ ಬೇರಿಂಗಿನದು. ಹಲ್ಲುಗಳು ಚೆನ್ನಾಗಿವೆ, ಮೂರು ತಿಂಗಳಿಗೊಮ್ಮೆ ಡಿಫರೆನ್ಷಿಯಲ್ ಎಣ್ಣೆ ಇಳಿಸಿ ಅಯಸ್ಕಾಂತ ಅದ್ದಿ ನೋಡಿ, ಚೂರು ಕಂಡರೆ ಮಾತ್ರ ಬಿಚ್ಚೋಣ ಎಂದಿದ್ದಾರೆ ಮೆಕ್ಯಾನಿಕ್.

ಹೋದ ಭಾನುವಾರ ಅಂಗಳದಲ್ಲಿ ಎಣ್ಣೆ ಇಳಿಸಿದೆವು. ಹುಡುಗ ಗಾಡಿಯ ಕೆಳಗೆ, ನಾನು ಬೋಗುಣಿ ಹಿಡಿದು ಪಕ್ಕದಲ್ಲಿ. ಅತ್ತಿಗೆ ಬಾಗಿಲಲ್ಲಿ ನಿಂತು, "ಏನಾದರೂ ಸಿಕ್ಕಿತಾ?" ಎಂದು ಕೇಳಿದರು. ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಮಸಿ ಹತ್ತಿತ್ತು, ಅಷ್ಟೇ. "ಏನೂ ಇಲ್ಲಮ್ಮ" ಎಂದು ಅವನು ಕೆಳಗಿನಿಂದಲೇ ಕೂಗಿದ. ಅವರು ಒಳಗೆ ಹೋಗಿ ಕಾಫಿ ತಂದರು.